ಕುಲಾಚಾರವೂ ಪ್ರಶ್ನೆಯೂ

ಚಾತುರ್ಮಾಸ್ಯವು ಸಮೀಪಿಸಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದು ಸಂಭಾಷಣೆ ತಪ್ಪದೆ ನಡೆಯುತ್ತದೆ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಲವ್ರತಗಳ ಕ್ರಮವನ್ನು ಹಿರಿಯರು ನೆನಪಿಸುತ್ತಾರೆ. ಓದಿ ಉದ್ಯೋಗಕ್ಕೆ ಸೇರಿದ ಮಗನೋ, ಮದುವೆಯಾಗಿ ಸ್ವಂತ ಮನೆ ಹೂಡಿದ ಮಗಳೋ "ಇದೆಲ್ಲ ಏತಕ್ಕೆ?" ಎಂದು ಕೇಳುತ್ತಾರೆ. "ಹಿಂದಿನಿಂದ ನಡೆದುಬಂದಿದೆ, ಅದಕ್ಕೆ" ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ಸಮಾಧಾನವಿಲ್ಲ, ಹೇಳಿದವರಿಗೆ ನೆಮ್ಮದಿಯಿಲ್ಲ. ಒಬ್ಬರು ಇನ್ನೊಬ್ಬರನ್ನು ನಾಸ್ತಿಕರೆಂದೂ, ಅವರು ಇವರನ್ನು ಮೂಢರೆಂದೂ ಮನಸ್ಸಿನಲ್ಲಿಯೇ ಅಂದುಕೊಂಡು ಊಟಕ್ಕೆ ಏಳುತ್ತಾರೆ.

ಈ ಮೌನವು ಒಳ್ಳೆಯದಲ್ಲ. ಪ್ರಾಪ್ತ ವಯಸ್ಕನಾದ ಮನುಷ್ಯನು ತನಗೆ ಪಿತ್ರಾರ್ಜಿತವಾಗಿ ಬಂದ ಆಚಾರವನ್ನು ಪ್ರಶ್ನಿಸಬಹುದೇ? ಪ್ರಶ್ನಿಸಬಹುದಾದರೆ ಯಾವ ರೀತಿಯಲ್ಲಿ? ಪ್ರಶ್ನಿಸಿದ ಬಳಿಕ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು? ಸುಜ್ಞ ವಾಚಕರೊಡನೆ ಈ ವಿಷಯವನ್ನು ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಎಂಟನೆಯ ವಯಸ್ಸಿನಲ್ಲಿ ಉಪನಯನವಾದ ಬಾಲಕನು ಸಂಧ್ಯಾವಂದನೆಯನ್ನು ಅನುಕರಣೆಯಿಂದ ಕಲಿಯುತ್ತಾನೆ. ತಾಯಿ ಗೋಪೀಚಂದನವನ್ನು ತೇದುಕೊಟ್ಟಳು, ತಂದೆ ಹನ್ನೆರಡು ನಾಮಗಳನ್ನು ಹಚ್ಚುವ ಸ್ಥಾನಗಳನ್ನು ತೋರಿಸಿದನು, ಅಷ್ಟೇ ಸಾಕು. ಆ ವಯಸ್ಸಿಗೆ ಅದೇ ಯುಕ್ತ. ಆದರೆ ಮೂವತ್ತು ವರ್ಷದ ಗೃಹಸ್ಥನು ತನ್ನ ಮಗನ ಹಣೆಗೆ ನಾಮವಿಡಬೇಕಾದಾಗ ಅನುಕರಣೆಯೊಂದೇ ಸಾಲದು. ತಾನು ಹಸ್ತಾಂತರಿಸುತ್ತಿರುವುದು ಏನೆಂಬುದನ್ನು ಅವನು ತಿಳಿಯಬೇಕು. ಪ್ರಶ್ನೆ ಹುಟ್ಟುವುದು ಸಹಜವಾಗಿ ಅಲ್ಲಿಯೇ.

ಪ್ರಶ್ನೆಯೆಂದರೆ ಶ್ರದ್ಧೆಯ ಅಭಾವವೆಂದು ತಿಳಿಯುವವರು ಕಠೋಪನಿಷತ್ತಿನ ಆರಂಭವನ್ನು ನೆನೆಯಬೇಕು. ನಚಿಕೇತನ ತಂದೆಯು ಯಜ್ಞದಲ್ಲಿ ದಾನ ಕೊಡುತ್ತಿದ್ದ ಗೋವುಗಳು ಮುದಿಯಾದವು, ಹಾಲು ಬತ್ತಿದವು. ವಿಧಿಯ ದೃಷ್ಟಿಯಿಂದ ದಾನವು ನಡೆಯುತ್ತಲೇ ಇತ್ತು, ಯಾರೂ ಆಕ್ಷೇಪಿಸಲಿಲ್ಲ. ಆಗ ಆ ಹುಡುಗನಲ್ಲಿ ಶ್ರದ್ಧೆಯು ಪ್ರವೇಶಿಸಿತು, ಅವನು ಚಿಂತಿಸತೊಡಗಿದನು ಎಂದು ಶ್ರುತಿ ಹೇಳುತ್ತದೆ. ಇಲ್ಲಿ ಕ್ರಮವನ್ನು ಗಮನಿಸಬೇಕು. ಶ್ರದ್ಧೆ ಹೋದುದರಿಂದ ಪ್ರಶ್ನೆ ಬಂದದ್ದಲ್ಲ. ಶ್ರದ್ಧೆ ಬಂದುದರಿಂದ ಪ್ರಶ್ನೆ ಬಂದಿತು. ದಾನವೆಂಬುದು ನಿಜವಾಗಿಯೂ ದಾನವಾಗಿರಬೇಕೆಂಬ ಕಳಕಳಿ ಇದ್ದವನು ಮಾತ್ರ ಆ ಬಡಕಲು ಗೋವುಗಳನ್ನು ಕಂಡು ಸುಮ್ಮನಿರಲಾರ.

ನಮ್ಮ ಸಂಪ್ರದಾಯದ ಉಗಮವೂ ಇಂತಹುದೇ. ಶ್ರೀಮದಾಚಾರ್ಯರು ಅಚ್ಯುತಪ್ರೇಕ್ಷರಿಂದ ಸಂನ್ಯಾಸ ಸ್ವೀಕರಿಸಿ ಅವರಲ್ಲಿ ಇಷ್ಟಸಿದ್ಧಿಯೆಂಬ ಗ್ರಂಥದ ಪಾಠವನ್ನು ಆರಂಭಿಸಿದಾಗ ಮೊದಲ ಪದ್ಯದಲ್ಲಿಯೇ 32 ದೋಷಗಳನ್ನು ತೋರಿಸಿದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ವರ್ಣಿಸುತ್ತದೆ. ಗುರುಗಳು ಪಾಠ ಹೇಳಿದುದು ತಮಗೆ ಪರಂಪರೆಯಿಂದ ಬಂದ ಶಾಸ್ತ್ರವನ್ನು. ಶಿಷ್ಯರು ಪ್ರಶ್ನಿಸಿದುದು ಅದೇ ಪರಂಪರೆಯೊಳಗೆ ಕುಳಿತು. ಆಚಾರ್ಯರು ಆಶ್ರಮವನ್ನು ಬಿಟ್ಟು ಹೋಗಲಿಲ್ಲ, ಗುರುಭಕ್ತಿಯನ್ನು ತೊರೆಯಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ಕೊನೆಗೆ ಗುರುಗಳೇ ಶಿಷ್ಯರ ಸಿದ್ಧಾಂತವನ್ನು ಒಪ್ಪಿದರು. ಇಂತಹ ಘಟನೆಯನ್ನು ಮೂಲದಲ್ಲಿಟ್ಟುಕೊಂಡ ಸಂಪ್ರದಾಯದವರು "ಪ್ರಶ್ನಿಸಬೇಡ" ಎಂದು ಮಕ್ಕಳಿಗೆ ಹೇಳುವುದು ವಿಚಿತ್ರವಲ್ಲವೇ? ಬ್ರಹ್ಮಸೂತ್ರದ ಮೊದಲ ಸೂತ್ರವೇ ಜಿಜ್ಞಾಸೆಯನ್ನು ವಿಧಿಸುತ್ತದೆ. ಶ್ರವಣದ ಅನಂತರ ಮನನವನ್ನು ಹೇಳಿರುವುದು ಕೇಳಿದುದನ್ನು ಯುಕ್ತಿಯಿಂದ ಪರೀಕ್ಷಿಸಿ ಸಂಶಯವನ್ನು ನೀಗಿಸಿಕೊಳ್ಳಲೆಂದೇ. ಗೀತೆಯು ಗುರುವಿನ ಬಳಿ ಹೋಗುವ ವಿಧಾನವನ್ನು ಹೇಳುವಾಗ ಪ್ರಣಿಪಾತ ಮತ್ತು ಸೇವೆಗಳ ನಡುವೆ ಪರಿಪ್ರಶ್ನವನ್ನು ಇಟ್ಟಿದೆ. ಹದಿನೆಂಟು ಅಧ್ಯಾಯಗಳ ಉಪದೇಶದ ಕಡೆಯಲ್ಲಿಯೂ ಭಗವಂತನು ಅರ್ಜುನನಿಗೆ, ಇದೆಲ್ಲವನ್ನೂ ನಿಶ್ಶೇಷವಾಗಿ ವಿಮರ್ಶಿಸಿ ಅನಂತರ ನಿನಗೆ ಸರಿಕಂಡಂತೆ ಮಾಡು ಎಂಬ ಅರ್ಥದ ಮಾತನ್ನು ಹೇಳುತ್ತಾನೆ.

ಆಚಾರದ ವಿಷಯದಲ್ಲಿ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಇನ್ನೂ ಸ್ಪಷ್ಟವಾಗಿದೆ. ವಿದ್ಯಾಭ್ಯಾಸ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು, ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದೋ ಅದನ್ನೇ ಹಿಡಿ, ಮಿಕ್ಕುದನ್ನಲ್ಲ ಎಂದು ಬೋಧಿಸುತ್ತಾನೆ. ತಮ್ಮಲ್ಲಿ ಅನುಸರಿಸಬಾರದ ನಡತೆಯೂ ಇರಬಹುದೆಂದು ಗುರುಗಳೇ ಒಪ್ಪಿದ ಮಾತಿದು! ಮುಂದೆ ಕರ್ಮದಲ್ಲಿಯೋ ನಡತೆಯಲ್ಲಿಯೋ ಸಂದೇಹ ಬಂದರೆ ಯಾರನ್ನು ನೋಡಿ ನಡೆಯಬೇಕೆಂದು ಹೇಳುವಾಗ, ಅಂತಹವರು ವಿಚಾರಶೀಲರಾಗಿರಬೇಕು, ಧರ್ಮಕಾಮರಾಗಿರಬೇಕು ಎಂಬುದರ ಜೊತೆಗೆ "ಅಲೂಕ್ಷ"ರಾಗಿರಬೇಕು, ಅಂದರೆ ಕ್ರೂರಸ್ವಭಾವದವರಾಗಿರಬಾರದು ಎಂಬ ಲಕ್ಷಣವನ್ನೂ ಸೇರಿಸಿದೆ. ಧರ್ಮನಿರ್ಣಯಕ್ಕೆ ಪಾಂಡಿತ್ಯವೊಂದೇ ಸಾಲದು, ಹೃದಯದ ಮಾರ್ದವವೂ ಬೇಕೆಂಬುದು ಇದರ ತಾತ್ಪರ್ಯ.

ಸಂಪ್ರದಾಯವು ಕದಲದೆ ನಿಂತ ಬಂಡೆಯಲ್ಲವೆಂಬುದಕ್ಕೆ ನಮ್ಮ ಇತಿಹಾಸವೇ ಸಾಕ್ಷಿ. ಉಡುಪಿಯ ಅಷ್ಟಮಠಗಳಲ್ಲಿ ಎರಡು ತಿಂಗಳಿಗೊಮ್ಮೆ ಸರದಿಯಂತೆ ನಡೆಯುತ್ತಿದ್ದ ಕೃಷ್ಣಪೂಜೆಯನ್ನು ಎರಡು ವರ್ಷಗಳ ಪರ್ಯಾಯವನ್ನಾಗಿ ಮಾರ್ಪಡಿಸಿದವರು ಶ್ರೀ ವಾದಿರಾಜರು. ಯತಿಗಳಿಗೆ ತೀರ್ಥಯಾತ್ರೆಗೂ ತತ್ತ್ವಪ್ರಚಾರಕ್ಕೂ ಅವಕಾಶ ದೊರೆಯಿತು; ಇಂದು ಆ ಎರಡು ವರ್ಷಗಳ ಕ್ರಮವೇ "ಹಿಂದಿನಿಂದ ನಡೆದುಬಂದ" ಕ್ರಮವಾಗಿದೆ. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನಿಂದ ಮಾಡಿದ ಪಿಷ್ಟಪಶುವನ್ನು ಬಳಸುವ ಪದ್ಧತಿ ಮಾಧ್ವಪರಂಪರೆಯಲ್ಲಿ ನೆಲೆಗೊಂಡಿತು. ಇತರರು ಆಕ್ಷೇಪಿಸಿದರೂ ನಮ್ಮವರು ಅದನ್ನು ಸಮರ್ಥಿಸಿದರು. ನಮ್ಮ ಕಾಲದಲ್ಲಿಯೇ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು (1931–2019) ದಲಿತರ ಕೇರಿಗಳಿಗೆ ಪಾದಯಾತ್ರೆ ಕೈಗೊಂಡಾಗ ಸಂಪ್ರದಾಯಸ್ಥರಲ್ಲಿ ಅಸಮಾಧಾನ ತಲೆದೋರಿತು, ಅವರು ನಿಲ್ಲಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. "ಹೀಗೆ ಒಂದೊಂದನ್ನೇ ಪ್ರಶ್ನಿಸುತ್ತ ಹೋದರೆ ಕಡೆಗೆ ಉಳಿಯುವುದೇನು? ಇಂದು ಮಡಿ ಹೋಯಿತು, ನಾಳೆ ಏಕಾದಶಿ ಹೋದೀತು, ನಾಡಿದ್ದು ದೇವರೇ ಹೋದಾನು." ಈ ಭಯವು ನಿರಾಧಾರವಲ್ಲ. ಆದರೆ ಇದಕ್ಕೆ ಉತ್ತರವನ್ನು ಹೇಳುವ ಮೊದಲು ಕಳೆದ ನೂರು ವರ್ಷಗಳಲ್ಲಿ ನಾವು ಯಾವುದನ್ನು ಮೊದಲು ಬಿಟ್ಟೆವು, ಯಾವುದನ್ನು ಕಡೆಗೆ ಬಿಟ್ಟೆವು ಎಂಬುದನ್ನು ನೋಡಬೇಕು.

ತ್ರಿಕಾಲ ಸಂಧ್ಯಾವಂದನೆಯು ನಿತ್ಯಕರ್ಮ. ಕಚೇರಿಯ ವೇಳೆ ಬಂದೊಡನೆ ಮಾಧ್ಯಾಹ್ನಿಕವು ಹೋಯಿತು. ಯಾವ ವಿದ್ವತ್ಸಭೆಯೂ ಸೇರಲಿಲ್ಲ, ಯಾರೂ ಪ್ರಮಾಣವನ್ನು ಕೇಳಲಿಲ್ಲ. ಶಿಖೆ ಹೋಗಿ ಕ್ರಾಪು ಬಂದಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿದೆ. ಯತಿಗಳ ವಿದೇಶಯಾತ್ರೆಯ ಬಗ್ಗೆ 2008ರ ಪರ್ಯಾಯದ ಸಂದರ್ಭದಲ್ಲಿ ಉಡುಪಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಗೃಹಸ್ಥರ ಮಕ್ಕಳು ಉದ್ಯೋಗಕ್ಕಾಗಿ ಅಮೆರಿಕಕ್ಕೆ ಹೊರಟಾಗ ವಿಮಾನನಿಲ್ದಾಣದಲ್ಲಿ ಆರತಿ ಎತ್ತಿದವರು ನಾವೇ. ಅವರು ಹೋದುದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ನಮಗೆ ಅನುಕೂಲವಾದ ಕಡೆ ಪರಂಪರೆಯನ್ನು ಎಷ್ಟು ಸುಲಭವಾಗಿ ಸಡಿಲಿಸಿದೆವು ಎಂಬುದನ್ನು ಮಾತ್ರ ಗಮನಿಸಬೇಕು.

ಈಗ ಇನ್ನೊಂದು ಆಚಾರವನ್ನು ನೋಡೋಣ: ವಿಧವೆಯರ ಕೇಶವಪನ. ಈಗಿನ ಯುವಕರು ಇದನ್ನು ಕಂಡವರಲ್ಲ; ಆದರೆ ಕೆಂಪು ಸೀರೆಯುಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಹೊತ್ತು ಮೂಡುವ ಮೊದಲೇ ತಣ್ಣೀರಿನಲ್ಲಿ ಮಿಂದು ಮಡಿಯ ಅಡಿಗೆಗೆ ನಿಲ್ಲುತ್ತಿದ್ದ ಅಜ್ಜಿಯರನ್ನು ಹಿರಿಯ ವಾಚಕರು ಬಲ್ಲರು. ಅವರಲ್ಲಿ ಎಷ್ಟೋ ಮಂದಿ ಗಂಡನ ಮುಖವನ್ನೂ ಸರಿಯಾಗಿ ಕಂಡವರಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತೆಂದರೆ ಯಾವ ವಯಸ್ಸಿನಲ್ಲಿ ಮದುವೆಗಳು ನಡೆಯುತ್ತಿದ್ದವೆಂಬುದನ್ನು ಊಹಿಸಿಕೊಳ್ಳಬಹುದು. ಹುಡುಗಿಯರ ವಿವಾಹದ ವಯಸ್ಸನ್ನು 14ಕ್ಕೆ ಏರಿಸಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಮದುವೆಯಾದ ಮಗು ವಿಧವೆಯಾದರೆ ಪ್ರಾಯಕ್ಕೆ ಬಂದೊಡನೆ ಕ್ಷೌರಿಕನನ್ನು ಕರೆಸುತ್ತಿದ್ದರು. ಒಪ್ಪದೆ ಕೂದಲುಳಿಸಿಕೊಂಡ ಸಕೇಶಿಯ ಕೈಯಡಿಗೆ ದೇವರ ನೈವೇದ್ಯಕ್ಕೂ ಪಿತೃಕಾರ್ಯಕ್ಕೂ ಸಲ್ಲದೆಂಬ ಭಾವನೆಯಿತ್ತು. ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ 1856ರಲ್ಲಿಯೇ ದೊರೆತಿತ್ತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯು ಬಾಲವಿಧವೆಯ ಪುನರ್ವಿವಾಹದ ಕಥೆಯನ್ನು 1899ರಲ್ಲಿಯೇ ಕನ್ನಡಿಗರ ಮುಂದಿಟ್ಟಿತ್ತು. ಆದರೂ ಕೇಶವಪನವು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಉಳಿಯಿತು.

ಇದಕ್ಕೆ ಶಾಸ್ತ್ರಾಧಾರವೇನು? ಸ್ಕಾಂದಪುರಾಣದ ಕಾಶೀಖಂಡದ ವಚನವೊಂದನ್ನು ಸಾಮಾನ್ಯವಾಗಿ ಉದಾಹರಿಸುತ್ತಿದ್ದರು. ಮನು, ಯಾಜ್ಞವಲ್ಕ್ಯರ ಸ್ಮೃತಿಗಳಲ್ಲಿ ಇಂತಹ ವಿಧಿಯಿಲ್ಲ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಪಾಂಡುರಂಗ ವಾಮನ ಕಾಣೆಯವರು (1880–1972) ಈ ರೂಢಿಯು ಪ್ರಾಚೀನವಲ್ಲ, ಕಾಲಾಂತರದಲ್ಲಿ ಬೆಳೆದುಬಂದುದೆಂದು ಪ್ರತಿಪಾದಿಸಿದ್ದಾರೆ. ಆಚಾರನಿಷ್ಠೆಯಲ್ಲಿ ಯಾರಿಗೂ ಕಡಿಮೆಯಲ್ಲದ ಶ್ರೀವೈಷ್ಣವರ ತೆಂಗಲೆ ಪಂಗಡದಲ್ಲಿ ಈ ಪದ್ಧತಿ ಇರಲಿಲ್ಲ. ಅಂದರೆ ಶ್ರುತಿವಿಹಿತವಾದ ಸಂಧ್ಯಾವಂದನೆಯನ್ನು ಗಂಡಸರು ಸದ್ದಿಲ್ಲದೆ ಬಿಟ್ಟ ಕಾಲದಲ್ಲಿಯೇ, ವಿವಾದಾಸ್ಪದವಾದ ಪ್ರಮಾಣವುಳ್ಳ ಒಂದು ರೂಢಿಯನ್ನು ಅಸಹಾಯಕ ಹೆಣ್ಣುಮಕ್ಕಳ ತಲೆಯ ಮೇಲೆ ಉಳಿಸಿಕೊಳ್ಳಲಾಯಿತು. ತಮಗೆ ಭಾರವಾದುದನ್ನು ಮೊದಲು ಇಳಿಸಿದರು. ಪರರಿಗೆ ಭಾರವಾದುದನ್ನು ಕಡೆಗೆ ಇಳಿಸಿದರು. ಈ ಕ್ರಮವೇ ನಮ್ಮ ಚಿಂತನೆಗೆ ವಿಷಯವಾಗಬೇಕಾದುದು.

ಈ ಪ್ರಸಂಗದಲ್ಲಿ ನಮ್ಮ ಸಿದ್ಧಾಂತಕ್ಕೆ ಹೇಳಲು ವಿಶೇಷವಾದ ಮಾತಿದೆ. ಜಗತ್ತು ಸತ್ಯವೆಂಬುದು ಆಚಾರ್ಯರ ಮತ. ಜಗತ್ತು ಸತ್ಯವಾದರೆ ಜೀವಿಯ ದುಃಖವೂ ಸತ್ಯ. ಸುಖದುಃಖಗಳನ್ನು ತಿಳಿಯುವುದು ಸಾಕ್ಷಿ. ಅದು ಜೀವನ ಸ್ವರೂಪೇಂದ್ರಿಯ, ಅದರ ನಿರ್ಣಯದಲ್ಲಿ ದೋಷವಿಲ್ಲ. ಆಗಮವು ಪ್ರಬಲಪ್ರಮಾಣವಾದರೂ ತನಗೆ ಆಶ್ರಯವಾದ ಉಪಜೀವ್ಯ ಪ್ರಮಾಣವನ್ನು ಬಾಧಿಸಲಾರದೆಂದು ನಮ್ಮ ಗ್ರಂಥಗಳು ಸಾಧಿಸುತ್ತವೆ. ಹೀಗಿರುವಾಗ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತನಗಾಗುತ್ತಿರುವ ದುಃಖವನ್ನು ತನ್ನ ಸಾಕ್ಷಿಯಿಂದ ತಿಳಿದಾಗ, ಅದು ದುಃಖವೇ ಅಲ್ಲವೆಂದು ಹೇಳುವ ಅಧಿಕಾರ ಮಾಧ್ವನಿಗಿಲ್ಲ. ಪರರ ಕಣ್ಣೀರನ್ನು ಮಿಥ್ಯೆಯೆಂದು ತಳ್ಳಿಹಾಕುವ ಮಾರ್ಗವು ನಮ್ಮ ದರ್ಶನದಲ್ಲಿ ಮುಚ್ಚಿದೆ.

"ಹಾಗಾದರೆ ಏಕಾದಶಿಯ ಉಪವಾಸವೂ ದುಃಖಕರವೇ, ಅದನ್ನೂ ಬಿಡಬಹುದೇ?" ಎಂದು ಕೇಳಬಹುದು. ಬಿಡಬಾರದು. ತಾನಾಗಿ ಒಪ್ಪಿ, ಭಗವತ್ಪ್ರೀತಿಗಾಗಿ ತನ್ನ ದೇಹದ ಮೇಲೆ ತಂದುಕೊಂಡ ಕ್ಲೇಶವು ತಪಸ್ಸು. ನಿರಾಕರಿಸಲಾರದ ಇನ್ನೊಬ್ಬರ ದೇಹದ ಮೇಲೆ ಹೇರಿದ ಕ್ಲೇಶವು ತಪಸ್ಸಲ್ಲ. ಗೀತೆಯ ಹದಿನೇಳನೆಯ ಅಧ್ಯಾಯವು ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಮೂಢವಾದ ಹಟದಿಂದ ಮಾಡಿದುದನ್ನೂ, ಪರರ ಹಾನಿಗೆ ಕಾರಣವಾಗುವುದನ್ನೂ ತಾಮಸದಲ್ಲಿ ಸೇರಿಸಿರುವುದನ್ನು ಇಲ್ಲಿ ಸ್ಮರಿಸಬಹುದು. ಏಕಾದಶಿಯ ವಿಧಿಯಲ್ಲಿಯಾದರೋ ಎಂಟು ವರ್ಷಕ್ಕಿಂತ ಚಿಕ್ಕವರಿಗೂ ಎಂಬತ್ತು ದಾಟಿದವರಿಗೂ ನಿರ್ಬಂಧವಿಲ್ಲ. ಯಾರ ಶಕ್ತಿ ಎಷ್ಟೆಂಬುದನ್ನು ವಿಧಿಯೇ ಲೆಕ್ಕಕ್ಕೆ ತೆಗೆದುಕೊಂಡಿದೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು (1976) ನಮ್ಮ ಅನೇಕ ಮನೆಗಳಲ್ಲಿ ಓದಿದ್ದಾರೆ. ಅದು ನಿಜವಾಗಿ ಬಾಳಿದ ಹೆಂಗಸೊಬ್ಬಳ ಕಥೆಯನ್ನು ಆಧರಿಸಿದುದು. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶವಪನಕ್ಕೊಳಗಾಗಿ, ದೀರ್ಘಾಯುಷ್ಯವನ್ನೆಲ್ಲ ಕಠಿಣವಾದ ಮಡಿಯಲ್ಲಿ ಕಳೆದ ಫಣಿಯಮ್ಮನು ತನ್ನ ನೇಮವನ್ನು ಎಂದೂ ಬಿಡಲಿಲ್ಲ. ಆದರೆ ತರುಣ ವಿಧವೆಯೊಬ್ಬಳು ಕೇಶವಪನವನ್ನು ನಿರಾಕರಿಸಿದಾಗ ಆಕೆಯ ಪರವಾಗಿ ನಿಲ್ಲುತ್ತಾಳೆ. "ನಾನು ಪಟ್ಟ ಪಾಡನ್ನು ನೀನೂ ಪಡು" ಎಂಬುದು ಅವಳ ಭಾವವಲ್ಲ. ತನ್ನ ಮಟ್ಟಿಗೆ ನಿಷ್ಠೆ, ಪರರ ಮಟ್ಟಿಗೆ ಕರುಣೆ: ಉಪನಿಷತ್ತು ಹೇಳಿದ ಅಲೂಕ್ಷತೆಯೆಂದರೆ ಇದೇ. ಆಚಾರವಂತರು ಆಚಾರವನ್ನು ಪ್ರಶ್ನಿಸಲಾರರೆಂಬ ಅಭಿಪ್ರಾಯವನ್ನು ಈ ಒಂದು ಉದಾಹರಣೆಯೇ ಅಲ್ಲಗಳೆಯುತ್ತದೆ.

ಇಷ್ಟರಿಂದ ವಯಸ್ಕರ ಪ್ರಶ್ನೆಗೆ ಒಂದು ಕ್ರಮವು ಸಿದ್ಧವಾಗುತ್ತದೆ. ಮೊದಲನೆಯದಾಗಿ, ನಾನು ಪ್ರಶ್ನಿಸುತ್ತಿರುವ ಆಚಾರವು ತತ್ತ್ವಕ್ಕೆ ಸೇರಿದುದೇ, ಶ್ರುತಿಸ್ಮೃತಿಗಳ ವಿಧಿಯೇ, ಅಥವಾ ದೇಶಾಚಾರ ಕುಲಾಚಾರಗಳಲ್ಲಿ ಹುಟ್ಟಿಕೊಂಡ ರೂಢಿಯೇ ಎಂದು ತಿಳಿದವರಿಂದ ತಿಳಿಯಬೇಕು. ಹರಿಸರ್ವೋತ್ತಮತ್ವವೂ ಬಾಳೆಎಲೆಯ ತುದಿಯನ್ನು ಯಾವ ಕಡೆಗಿಡಬೇಕೆಂಬುದೂ ಒಂದೇ ತೂಕದ ವಿಷಯಗಳಲ್ಲ. ಎರಡನೆಯದಾಗಿ, ಆ ಆಚಾರದ ಭಾರವನ್ನು ಹೊರುತ್ತಿರುವವರು ಯಾರೆಂದು ನೋಡಬೇಕು. ಹೊರುವವನು ನಾನೇ ಆಗಿದ್ದರೆ ಬಿಡುವುದರಲ್ಲಿ ನಿಧಾನವಿರಲಿ. ಏಕೆಂದರೆ ಅಲ್ಲಿ ಸೋಮಾರಿತನವು ವಿವೇಕದ ವೇಷ ಹಾಕಿಕೊಂಡು ಬರುತ್ತದೆ. ಹೊರುವವರು ಬೇರೆಯವರಾಗಿದ್ದು, ಬೇಡವೆನ್ನುವ ಶಕ್ತಿಯೂ ಅವರಿಗಿಲ್ಲದಿದ್ದರೆ ಪ್ರಶ್ನಿಸುವುದರಲ್ಲಿ ತ್ವರೆಯಿರಲಿ. ಅಲ್ಲಿ ನಿಷ್ಕರುಣೆಯು ನಿಷ್ಠೆಯ ವೇಷವನ್ನು ಹಾಕುತ್ತದೆ. ಮೂರನೆಯದಾಗಿ, ಒಂದನ್ನು ಬಿಟ್ಟ ಜಾಗದಲ್ಲಿ ಏನನ್ನು ಇಟ್ಟೆವೆಂದು ಕೇಳಿಕೊಳ್ಳಬೇಕು. ವಾದಿರಾಜರು ಎರಡು ತಿಂಗಳನ್ನು ತೆಗೆದು ಶೂನ್ಯವನ್ನಿಡಲಿಲ್ಲ, ಎರಡು ವರ್ಷಗಳನ್ನಿಟ್ಟರು. ಪಶುವನ್ನು ಬಿಟ್ಟವರು ಯಜ್ಞವನ್ನು ಬಿಡಲಿಲ್ಲ.

ಕಿರಿಯರಿಗೆ ಹೇಳಬೇಕಾದುದು ಇಷ್ಟು. ಶ್ರವಣವಿಲ್ಲದ ಮನನವಿಲ್ಲ. ಆಚಾರ್ಯರು 32 ದೋಷಗಳನ್ನು ತೋರಿಸಿದುದು ಎದುರಿಗಿದ್ದ ಗ್ರಂಥವನ್ನು ಓದಿ, ಓದದೆ ಅಲ್ಲ. ನಮ್ಮ ಟೀಕಾಕಾರರು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸದೆ ಖಂಡನೆಗೆ ಕೈಹಾಕಿದವರಲ್ಲ. ಸಂಧ್ಯಾವಂದನೆಯ ಮಂತ್ರಗಳ ಅರ್ಥವನ್ನು ಒಮ್ಮೆಯೂ ವಿಚಾರಿಸದೆ ಅದು ನಿರರ್ಥಕವೆನ್ನುವುದು ಪ್ರಶ್ನೆಯಲ್ಲ, ತೀರ್ಪು. ಹಿರಿಯರಿಗೆ ಹೇಳಬೇಕಾದುದೂ ಅಷ್ಟೇ. "ಅದಕ್ಕೆ ಉತ್ತರ ನನಗೆ ಗೊತ್ತಿಲ್ಲ, ತಿಳಿದವರನ್ನು ಇಬ್ಬರೂ ಸೇರಿ ಕೇಳೋಣ" ಎಂದು ಮಗನಿಗೆ ಹೇಳಿದರೆ ಗೌರವಕ್ಕೆ ಕುಂದಿಲ್ಲ. ಮುಂದಿನ ಪ್ರವಚನಕ್ಕೆ ತಂದೆಮಕ್ಕಳು ಒಟ್ಟಿಗೆ ಬರಲು ಅದಕ್ಕಿಂತ ಒಳ್ಳೆಯ ಕಾರಣವೂ ಬೇಕಿಲ್ಲ.

ಕಡೆಯದಾಗಿ, ಕೇಶವಪನವು ಕಣ್ಮರೆಯಾಯಿತೆಂದು ನಾವು ಸಮಾಧಾನಪಡುವ ಹಾಗಿಲ್ಲ. ಅದರ ನೆರಳು ಇನ್ನೂ ನಮ್ಮ ಮಂಗಳಕಾರ್ಯಗಳ ಮೇಲಿದೆ. ಗಂಡನನ್ನು ಕಳೆದುಕೊಂಡು, ದುಡಿದು, ಮಗಳನ್ನು ಓದಿಸಿ ಬೆಳೆಸಿದ ತಾಯಿಯು ಅದೇ ಮಗಳ ಮದುವೆಯ ದಿನ ಧಾರೆಯ ಹೊತ್ತಿಗೆ ಮಂಟಪದಿಂದ ದೂರ ನಿಲ್ಲುವುದನ್ನು ಇಂದಿಗೂ ಅನೇಕ ಛತ್ರಗಳಲ್ಲಿ ಕಾಣುತ್ತೇವೆ. ದಂಪತಿಗಳೆಂದು ಸೋದರಮಾವನೋ ಚಿಕ್ಕಪ್ಪನೋ ಪತ್ನೀಸಮೇತ ಕುಳಿತು ಧಾರೆಯೆರೆಯುತ್ತಾರೆ. ಅದರ ವಿಧಿಯನ್ನು ವಿದ್ವಾಂಸರು ನಿರ್ಣಯಿಸಲಿ. ಆದರೆ ಅರಿಶಿನ ಕುಂಕುಮದ ತಟ್ಟೆಯು ತನ್ನ ಬಳಿ ಬಂದಾಗ ಆಕೆಯು ಎದ್ದು ಒಳಗೆ ಹೋಗಬೇಕೆಂದು, ಅಕ್ಷತೆ ಹಾಕುವ ಸಾಲಿನಲ್ಲಿ ಹಿಂದೆ ಸರಿಯಬೇಕೆಂದು, ಆಕೆಯ ಆಶೀರ್ವಾದವು ಮಗುವಿಗೆ ಅಶುಭವೆಂದು ಯಾವ ಶ್ರುತಿ ಹೇಳಿದೆ? ತಾಯಿಯನ್ನು ದೇವರೆಂದು ಭಾವಿಸಬೇಕೆಂದು ಹೇಳಿದ ಅದೇ ಶಿಕ್ಷಾವಲ್ಲಿಯು ಆ ತಾಯಿ ಸುಮಂಗಲಿಯಾಗಿರಬೇಕೆಂಬ ನಿಯಮವನ್ನು ವಿಧಿಸಿಲ್ಲ. ಬರುವ ಲಗ್ನದ ಋತುವಿನಲ್ಲಿ ಯಾವುದಾದರೊಂದು ಮನೆಯವರು ಆಕೆಯನ್ನು ಮುಂದಕ್ಕೆ ಕರೆದು ಮೊದಲ ಅಕ್ಷತೆಯನ್ನು ಆಕೆಯ ಕೈಯಿಂದ ಹಾಕಿಸಿದರೆ ಪರಂಪರೆಗೆ ಭಂಗವಾಗದು. ಪರಂಪರೆಯ ಮೇಲೆ ಕುಳಿತ ಧೂಳು ಅಷ್ಟರಮಟ್ಟಿಗೆ ಕಡಿಮೆಯಾದೀತು.

॥ ಶ್ರೀಕೃಷ್ಣಾರ್ಪಣಮಸ್ತು ॥